ಹಳೆಯ ಮೀಟರ್‌ಗಳಿಗೆ ಲೋರಾ ಜೋಡಿಸುವುದು: ನನ್ನ ಅನುಭವ

ಎಲ್‌ಟಿ (ಲೋ ಟೆನ್ಶನ್) ವಿದ್ಯುತ್ ಪ್ಯಾನೆಲ್‌ನಲ್ಲಿ ಎನರ್ಜಿ ಮೀಟರ್, ಸಂಪ್‌ನಲ್ಲಿ ಲೆವೆಲ್ ಟ್ರಾನ್ಸ್‌ಮಿಟರ್, ಬೋರ್‌ವೆಲ್ ಪೈಪಿಗೆ ಪಲ್ಸ್ ಕೊಡುವ ವಾಟರ್ ಮೀಟರ್. ಬಹುತೇಕ ಕಾರ್ಖಾನೆಗಳಲ್ಲಿ ಇವೆಲ್ಲ ಆಗಲೇ ಇರುತ್ತವೆ. ಲೋರಾ ಎಂದರೆ ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಅಂಕಿ ಕಳಿಸುವ ರೇಡಿಯೊ, ಲೋರಾವಾನ್ ಅದರ ಜಾಲ; ಮೀಟರ್ ಓದಿ ಆ ಜಾಲಕ್ಕೆ ಕಳಿಸುವ ಪೆಟ್ಟಿಗೆಯೇ ಕನ್ವರ್ಟರ್. ಮೀಟರ್‌ಗಳನ್ನು ಬದಲಿಸದೆ ಲೋರಾವಾನ್ ಕನ್ವರ್ಟರ್‌ಗೆ ಜೋಡಿಸುವಾಗ ರೇಡಿಯೊ ಕಾಡುವುದು ಅಪರೂಪ. ಮೀಟರ್‌ಗೂ ಕನ್ವರ್ಟರ್‌ಗೂ ನಡುವಿನ ತಂತಿಯೇ ಹೆಚ್ಚು ಕಾಡುತ್ತದೆ.

ಹಾಗಾಗಿ ಕನ್ವರ್ಟರ್ ಮುಟ್ಟುವ ಮೊದಲು ಯುಎಸ್‌ಬಿಯಿಂದ ಆರ್‌ಎಸ್-485ಕ್ಕೆ (ಎ, ಬಿ ಎಂಬ ಎರಡು ತಂತಿಯ ಡೇಟಾ ಲೈನ್) ಹೋಗುವ ಅಡಾಪ್ಟರ್ ಹಾಕಿ, ಮಾಡ್‌ಬಸ್ ಎಂಬ ಸಂವಹನ ಪದ್ಧತಿಯಲ್ಲಿ ಲ್ಯಾಪ್‌ಟಾಪ್‌ನಲ್ಲೇ ಎನರ್ಜಿ ಮೀಟರ್ ಓದಿಸುತ್ತೇನೆ. ಮೀಟರ್ ಮೆನುವಿನಿಂದ ಸ್ಲೇವ್ ಐಡಿ (ಲೈನ್‌ನಲ್ಲಿ ಆ ಮೀಟರ್‌ನ ಸಂಖ್ಯೆ), ಬಾಡ್ ರೇಟ್ (ಡೇಟಾ ಹರಿಯುವ ವೇಗ), ಪ್ಯಾರಿಟಿ (ತಪ್ಪು ಪತ್ತೆಯ ಬಿಟ್) ಬರೆದುಕೊಳ್ಳಬೇಕು. ಒಂದೇ ಲೈನ್‌ನಲ್ಲಿ ಹಲವು ಮೀಟರ್ ಇದ್ದರೆ ಐಡಿ 1ರಿಂದ 247ರೊಳಗೆ ಬೇರೆಬೇರೆ ಇರಲೇಬೇಕು. ತಯಾರಕರಿಂದ ಹೊಸದಾಗಿ ಬಂದ ಮೀಟರ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲಕ್ಕೂ 1 ಇರುತ್ತದೆ. ಉತ್ತರವೇ ಬಾರದಿದ್ದರೆ ಮೊದಲು ಎ ಮತ್ತು ಬಿ ತಂತಿ ಅದಲುಬದಲು ಮಾಡಿ ನೋಡಿ. ಎ, ಬಿ ಹೆಸರನ್ನು ಎಲ್ಲ ಕಂಪನಿಗಳೂ ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ಈ ಎರಡು ತಂತಿ ಉಲ್ಟಾ ಆದರೆ ಏನೂ ಸುಡುವುದಿಲ್ಲ.

ಉತ್ತರ ಬಂದರೂ ಅಂಕಿ ಸರಿ ಇರುತ್ತದೆಂದು ನಂಬಬೇಡಿ. ಮೀಟರ್ ಪ್ರತಿ ಅಂಕಿಯನ್ನೂ ರಿಜಿಸ್ಟರ್ ಎಂಬ ಖಾನೆಗಳಲ್ಲಿ ಇಡುತ್ತದೆ. ಮ್ಯಾನ್ಯುಯಲ್‌ನಲ್ಲಿ ರಿಜಿಸ್ಟರ್ ವಿಳಾಸ 40101 ಎಂದಿದ್ದರೆ ಕನ್ವರ್ಟರ್‌ನಲ್ಲಿ ಹೆಚ್ಚಾಗಿ 100 ಎಂದು ತುಂಬಬೇಕು, ಫಂಕ್ಷನ್ ಕೋಡ್ (ಯಾವ ಬಗೆಯ ರಿಜಿಸ್ಟರ್ ಓದಬೇಕೆಂದು ಹೇಳುವ ಸಂಖ್ಯೆ) 3. 3ರಿಂದ ಶುರುವಾಗುವ ಐದಂಕಿ ವಿಳಾಸಕ್ಕೆ ಫಂಕ್ಷನ್ ಕೋಡ್ 4. ಫ್ಲೋಟ್ (ದಶಮಾಂಶ ಸಂಖ್ಯೆ) ಮೌಲ್ಯ ಎರಡು ರಿಜಿಸ್ಟರ್ ಹಿಡಿಯುತ್ತದೆ, ಯಾವುದು ಮೊದಲು ಎನ್ನುವುದು ಮೀಟರ್‌ನಿಂದ ಮೀಟರ್‌ಗೆ ಬೇರೆ. ನಾನು ಮೊದಲು ಓದುವುದು ವೋಲ್ಟೇಜ್, ಏಕೆಂದರೆ ಅದು ಎಷ್ಟಿರಬೇಕೆಂದು ಗೊತ್ತೇ ಇರುತ್ತದೆ. 230 ವೋಲ್ಟ್ ಹೆಕ್ಸ್‌ನಲ್ಲಿ 4366 0000. ಅದು 0000 4366 ಎಂದು ಬಂದರೆ ಪರದೆಯಲ್ಲಿ ಸೊನ್ನೆಯಂಥ ಅಂಕಿ ಕಾಣುತ್ತದೆ. ಮೀಟರ್ ಕೆಟ್ಟಿದೆ ಎಂದು ಜನ ವಾಪಸ್ ಕಳಿಸುವುದು ಇಂಥಲ್ಲೇ. ವರ್ಡ್ ಆರ್ಡರ್, ಅಂದರೆ ಎರಡು ರಿಜಿಸ್ಟರ್‌ಗಳ ಕ್ರಮ, ಬದಲಿಸಿದರೆ ಸಾಕು.

ತಂತಿಗೆ ಶೀಲ್ಡ್ ಇರುವ ಟ್ವಿಸ್ಟೆಡ್ ಪೇರ್ ಹಾಕಿ. ಶೀಲ್ಡ್ ಅರ್ಥಿಂಗ್ ಒಂದೇ ತುದಿಯಲ್ಲಿ. ಮೀಟರ್‌ನಿಂದ ಮೀಟರ್‌ಗೆ ಸಾಲಾಗಿ ಎಳೆಯಬೇಕು, ನಡುವಿನಿಂದ ಕವಲು ತೆಗೆಯಬಾರದು. ಲೈನ್ ಉದ್ದವಿದ್ದರೆ ಎರಡೂ ತುದಿಗೆ 120 ಓಮ್ ರೆಸಿಸ್ಟರ್. ಪವರ್ ಆಫ್ ಮಾಡಿ ಎ–ಬಿ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. ಹತ್ತು ಮೀಟರ್ ಉದ್ದದ ತಂತಿ, 9600 ಬಾಡ್ ಎಂದರೆ ಈ ರೆಸಿಸ್ಟರ್‌ನ ಅಗತ್ಯವಿಲ್ಲ, ಬ್ಯಾಟರಿ ಕನ್ವರ್ಟರ್‌ಗೆ ಅದು ಸುಮ್ಮನೆ ಹೊರೆ. ವಿಎಫ್‌ಡಿ (ಮೋಟರ್ ವೇಗ ನಿಯಂತ್ರಕ) ಕೇಬಲ್ ಇದ್ದಲ್ಲಿ ಸುಮಾರು ಒಂದಡಿ ದೂರವಿರಿ, ದಾಟಲೇಬೇಕಾದರೆ ನೇರ ಅಡ್ಡಕ್ಕೆ ದಾಟಿಸಿ. ಇನ್ನೊಂದು ಮಾತು: ಲೋಡ್ ಓಡುತ್ತಿರುವಾಗ ಸಿಟಿಯ (ಮೀಟರ್‌ಗೆ ಕರೆಂಟ್ ಅಳೆದುಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಸೆಕೆಂಡರಿ ತಂತಿ ಬಿಚ್ಚಲೇಬೇಡಿ. ತೆರೆದ ಸಿಟಿಯಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಏಳುತ್ತದೆ.

ಸಂಪ್‌ನ ಲೆವೆಲ್ ಟ್ರಾನ್ಸ್‌ಮಿಟರ್ ನೀರಿನ ಮಟ್ಟವನ್ನು 4ರಿಂದ (ಖಾಲಿ) 20 ಮಿಲಿಆಂಪ್ (ಪೂರ್ತಿ) ಕರೆಂಟ್ ಆಗಿ ಕೊಡುತ್ತದೆ. ಅದು ಎರಡು ತಂತಿಯದಾದರೆ ಸಪ್ಲೈ ಪ್ಲಸ್‌ನಿಂದ ಟ್ರಾನ್ಸ್‌ಮಿಟರ್ ಪ್ಲಸ್, ಅದರ ಮೈನಸ್‌ನಿಂದ ಕನ್ವರ್ಟರ್ ಇನ್‌ಪುಟ್, ಇನ್‌ಪುಟ್‌ನ ಮೈನಸ್ ಮತ್ತೆ ಸಪ್ಲೈ ಮೈನಸ್‌ಗೆ. 5 ಮೀಟರ್ ರೇಂಜ್‌ನಲ್ಲಿ 12 ಮಿಲಿಆಂಪ್ ಎಂದರೆ 2.5 ಮೀಟರ್ ನೀರು. 3.6 ಮಿಲಿಆಂಪ್‌ಗಿಂತ ಕೆಳಗಿಳಿದರೆ ಸಂಪ್ ಖಾಲಿ ಎಂದಲ್ಲ, ತಂತಿ ಅಥವಾ ಸೆನ್ಸರ್ ದೋಷ. ಅದಕ್ಕೆ ಬೇರೆಯೇ ಅಲಾರಂ ಇಡಿ. ಬ್ಯಾಟರಿ ಕನ್ವರ್ಟರ್‌ಗಳಲ್ಲಿ ವಿಚಿತ್ರವಾದ ತೊಂದರೆಯೊಂದಿದೆ: ಸಂಪ್ ಅರ್ಧ ತುಂಬುವ ತನಕ ಲೆವೆಲ್ ಸರಿ, ಆಮೇಲೆ ನಿಂತಲ್ಲೇ ನಿಲ್ಲುತ್ತದೆ. ಕನ್ವರ್ಟರ್ ಕೊಡುವುದು 12 ವೋಲ್ಟ್, ಟ್ರಾನ್ಸ್‌ಮಿಟರ್‌ಗೆ ಕನಿಷ್ಠ 9 ಬೇಕು, ಇನ್‌ಪುಟ್ ರೆಸಿಸ್ಟರ್ 250 ಓಮ್ ಎಂದಿಟ್ಟುಕೊಳ್ಳಿ. ಉಳಿದ 3 ವೋಲ್ಟ್‌ನಲ್ಲಿ 12 ಮಿಲಿಆಂಪ್‌ಗಿಂತ ಹೆಚ್ಚು ಹರಿಯಲಾರದು. ಇಂಥಲ್ಲಿ ನಾನು ಹೊರಗಿನ 24 ವೋಲ್ಟ್ ಸಪ್ಲೈ ಕೊಡುತ್ತೇನೆ. ಬ್ಯಾಟರಿಯಲ್ಲೇ ಓಡಿಸುವುದಾದರೆ ಸೆನ್ಸರ್ ಸ್ಥಿರವಾಗಲು ಬೇಕಾದ ಸಮಯವನ್ನು ಡೇಟಾಶೀಟ್ ನೋಡಿ ತುಂಬಿ. ಬೇಗ ಓದಿದರೆ ತಪ್ಪು ಅಂಕಿ.

ಪಲ್ಸ್ ಮೀಟರ್ ಸುಲಭ. ಅದರೊಳಗಿನ ರೀಡ್ ಸ್ವಿಚ್ (ಆಯಸ್ಕಾಂತ ಬಂದಾಗ ಮುಚ್ಚುವ ಸ್ವಿಚ್) ಒಮ್ಮೆ ಮುಚ್ಚಿದಾಗ ಸಂಪರ್ಕ ಪುಟಿದು ಎರಡು ಮೂರು ಎಣಿಕೆ ಬೀಳಬಹುದು, 50 ಮಿಲಿಸೆಕೆಂಡ್ ಡಿಬೌನ್ಸ್ (ಪುಟಿತವನ್ನು ಲೆಕ್ಕಿಸದ ಅವಧಿ) ಹಾಕಿದರೆ ನಿಲ್ಲುತ್ತದೆ. ಹಿಂದಿನ ಸಲದಿಂದ ಆದ ವ್ಯತ್ಯಾಸದ ಬದಲು ಒಟ್ಟು ಎಣಿಕೆಯನ್ನೇ ಕಳಿಸಿ. ನಡುವೆ ಒಂದು ಪ್ಯಾಕೆಟ್ ತಪ್ಪಿದರೂ ಲೆಕ್ಕ ತಪ್ಪುವುದಿಲ್ಲ.

ಇನ್ನು ರೇಡಿಯೊ. ಭಾರತದಲ್ಲಿ ಲೋರಾವಾನ್‌ಗೆ 865 ಮೆಗಾಹರ್ಟ್ಸ್ ಬ್ಯಾಂಡ್, ಅದರ ಹೆಸರು ಐಎನ್‌865. ಆರ್ಡರ್ ಮಾಡುವಾಗಲೇ ಐಎನ್‌865 ಎಂದು ಬರೆಯಿರಿ, ಯುರೋಪಿನ 868 ಸೆಟ್ಟಿಂಗ್‌ನಲ್ಲೇ ಉಳಿದ ಕನ್ವರ್ಟರ್ ಇಲ್ಲಿನ ಗೇಟ್‌ವೇಗೆ (ಕನ್ವರ್ಟರ್‌ಗಳ ಸಿಗ್ನಲ್ ಹಿಡಿಯುವ ಕೇಂದ್ರ ಪೆಟ್ಟಿಗೆ) ಸೇರುವುದಿಲ್ಲ. ಕಬ್ಬಿಣದ ಪ್ಯಾನೆಲ್‌ನ ಒಳಗೆ ಆಂಟೆನಾ ಇಡಬಾರದು, ಗ್ಲ್ಯಾಂಡ್ (ಕೇಬಲ್ ತೂರಿಸುವ ಬಿಗಿಯಾದ ಬಳೆ) ಮೂಲಕ ಹೊರಗೆ ತನ್ನಿ. ಸಿಗ್ನಲ್ ದುರ್ಬಲವಾಗಿ ಎಸ್‌ಎಫ್12ಕ್ಕೆ (ಲೋರಾದ ಅತಿ ನಿಧಾನದ ವೇಗ) ಇಳಿದರೆ ಒಂದು ಪ್ಯಾಕೆಟ್‌ಗೆ 51 ಬೈಟ್ ಮಾತ್ರ. ಮೀಟರ್ ನೂರು ರಿಜಿಸ್ಟರ್ ಕೊಡುತ್ತದೆಂದು ಎಲ್ಲ ಕಳಿಸಲು ಹೋಗಬೇಡಿ. ಯೂನಿಟ್, ಕಿಲೋವಾಟ್, ಪವರ್ ಫ್ಯಾಕ್ಟರ್, ಮೂರು ವೋಲ್ಟೇಜ್, ಮೂರು ಕರೆಂಟ್, ಒಟ್ಟು ಒಂಬತ್ತು ಫ್ಲೋಟ್‌ಗೆ 36 ಬೈಟ್. 15 ನಿಮಿಷಕ್ಕೊಮ್ಮೆ ಇಷ್ಟು ಬಂದರೆ ಮೇಂಟೆನೆನ್ಸ್‌ನವರಿಗೆ ಬೇಕಾದದ್ದೆಲ್ಲ ಸಿಗುತ್ತದೆ.

ಕೊನೆಗೆ ಐಡಿ, ಬಾಡ್ ರೇಟ್, ರಿಜಿಸ್ಟರ್ ವಿಳಾಸ, ವರ್ಡ್ ಆರ್ಡರ್, ಸಿಟಿ ರೇಶಿಯೊ ಬರೆದ ಚೀಟಿಯನ್ನು ಪ್ಯಾನೆಲ್ ಬಾಗಿಲಿನ ಒಳಮೈಗೆ ಅಂಟಿಸುತ್ತೇನೆ. ಮೀಟರ್ ಬದಲಿಸುವವರು ಅದನ್ನು ನೋಡಿಯೇ ಹೊಸದನ್ನು ಸೆಟ್ ಮಾಡಬಹುದು.