ಒಂದೇ ಇಲಿಯಲ್ಲಿ ಎರಡು ಸೋಂಕು: ಮೊದಲು ಯಾವುದು?

ತುಮಕೂರಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ಇಲಿಗಳಿಗೆ ಕರುಳಿನ ಹುಳ, ಮಲೇರಿಯಾ ಎರಡನ್ನೂ ಹಾಕಿ, ಒಂದರಿಂದ ಇನ್ನೊಂದಕ್ಕೆ ಏನಾಗುತ್ತದೆ ಅಂತ ನೋಡುತ್ತೇನೆ. ಹುಳ ಹೆಲಿಗ್ಮೊಸೊಮೊಯ್ಡಿಸ್, ಮಲೇರಿಯಾ ಪ್ಲಾಸ್ಮೋಡಿಯಂ ಚಬೌಡಿ. ಎರಡೂ ಇಲಿಗಳವೇ, ನಮಗೆ ಅಂಟುವುದಿಲ್ಲ.

ಇಲಿ ನೋಡಿಕೊಳ್ಳುವ ನಮ್ಮ ಸಹಾಯಕರು ಶಿರಾ ಕಡೆಯವರು, ಕುರಿ ಮೇಯಿಸಿ ಬೆಳೆದವರು. "ಕುರಿ ಹೊಟ್ಟೇಲಿ ಯಾವತ್ತಾದ್ರೂ ಒಂದೇ ಜಾತಿ ಹುಳ ಇರ್ತದಾ ಮೇಡಂ?" ಅಂದಿದ್ದರು. ಹೌದಲ್ವಾ.

ನಾನು ಹಾಕುವುದು ಎರಡಾದರೂ ಮೂರನೆಯದು ಆಗಲೇ ಒಳಗೆ ಕೂತಿರಬಹುದು: ಪಿನ್‌ವರ್ಮ್ ಅನ್ನುವ ಸಣ್ಣ ಕರುಳಿನ ಹುಳ. ಹೊಸ ಇಲಿ ಬಂದ ಕೂಡಲೇ ಗುದದ್ವಾರದ ಸುತ್ತ ಸೆಲ್ಲೋಟೇಪ್ ಒತ್ತಿ, ಕಿತ್ತು, ಸ್ಲೈಡಿಗೆ ಅಂಟಿಸಿ ನೋಡುತ್ತೇನೆ. ಸಿಫೇಸಿಯಾ ಎಂಬ ಪಿನ್‌ವರ್ಮ್ ಇದ್ದರೆ ಒಂದು ಬದಿ ಚಪ್ಪಟೆಯಾದ ಉದ್ದನೆಯ ಮೊಟ್ಟೆ ಕಾಣುತ್ತದೆ. ಅದರ ನೆಂಟ ಆಸ್ಪಿಕ್ಯುಲುರಿಸ್ ಟೇಪಿಗೆ ಸಿಗುವುದಿಲ್ಲ. ಹಿಕ್ಕೆಯನ್ನು ಗಟ್ಟಿ ಉಪ್ಪುನೀರಿನಲ್ಲಿ ಕದಡಿ ಮೊಟ್ಟೆ ತೇಲಿಸಬೇಕು. ಪಿನ್‌ವರ್ಮ್ ಇದ್ದರೂ ಇಲಿ ಚೆನ್ನಾಗೇ ಓಡಾಡಿಕೊಂಡಿರುತ್ತದೆ, ಆದರೆ ಅದರ ರೋಗನಿರೋಧಕ ಶಕ್ತಿ ಮೊದಲಿನಂತೆ ಇರುವುದಿಲ್ಲ. ಅಂಥ ಬ್ಯಾಚನ್ನು ನಾನು ಬಳಸುವುದಿಲ್ಲ.

ಹೆಲಿಗ್ಮೊಸೊಮೊಯ್ಡಿಸ್ ಮರಿ ಬೆಳೆಸಲು ಆ ಹುಳ ಇರುವ ಇಲಿಯ ಹಿಕ್ಕೆಗೆ ಇದ್ದಿಲ ಪುಡಿ ಕಲಸಿ, ಒದ್ದೆ ಫಿಲ್ಟರ್ ಪೇಪರ್ ಮೇಲೆ ಹರಡಿ, ಸುಮಾರು ಒಂದು ವಾರ ಇಡುತ್ತೇನೆ. ಏಪ್ರಿಲ್ ಸೆಕೆಯಲ್ಲಿ ಇನ್‌ಕ್ಯುಬೇಟರ್ ಇಲ್ಲದೆ ಆಗದ ಮಾತು. ಇಲಿಗೆ 200 ಮರಿ ಬಾಯಿಯಿಂದ ಕೊಡುವುದು, ಎರಡು ವಾರ ಬಿಟ್ಟು ಮಲೇರಿಯಾ. ಗುಂಪು ನಾಲ್ಕು: ಏನೂ ಇಲ್ಲದ್ದು, ಹುಳ ಮಾತ್ರ, ಮಲೇರಿಯಾ ಮಾತ್ರ, ಎರಡೂ. ಪ್ರಾಣಿಗಳನ್ನು ಕಡಿಮೆ ಮಾಡಿ ಅಂತ ನೈತಿಕ ಸಮಿತಿ ಕೇಳುತ್ತದೆ, ಕೇಳಲೂಬೇಕು. ಪ್ರತಿ ಗುಂಪಿನಲ್ಲಿ ಇಲಿ ಕಡಿಮೆ ಮಾಡುತ್ತೇನೆ, ಗುಂಪು ಬಿಡುವುದಿಲ್ಲ.

ಬಾಲದ ತುದಿಯಿಂದ ಒಂದು ಹನಿ ರಕ್ತ, ಜೀಮ್ಸಾ ಬಣ್ಣ, ಎಣಿಕೆ. ಹುಳ ಮೊದಲೇ ಇದ್ದ ಇಲಿಗಳಲ್ಲಿ ಮಲೇರಿಯಾ ಹೊಕ್ಕ ಕೆಂಪು ರಕ್ತಕಣ ಜಾಸ್ತಿ. ಮಲೇರಿಯಾ ತಡೆಯಲು ಬೇಕಾದದ್ದು ಟಿಎಚ್1 ಬಗೆಯ ಪ್ರತಿಕ್ರಿಯೆ, ಅಂದರೆ ಜೀವಕೋಶದೊಳಗೆ ಹೊಕ್ಕ ರೋಗಾಣುಗಳ ವಿರುದ್ಧದ ರೋಗನಿರೋಧಕ ಪ್ರತಿಕ್ರಿಯೆ, ಮತ್ತು ಅದರ ಸಂದೇಶವಾಹಕ ಪ್ರೋಟೀನ್ ಇಂಟರ್‌ಫೆರಾನ್ ಗಾಮಾ. ಹುಳ ದೇಹವನ್ನು ಟಿಎಚ್2 ಕಡೆ, ಅಂದರೆ ಹುಳಗಳ ವಿರುದ್ಧದ ಪ್ರತಿಕ್ರಿಯೆಯ ಕಡೆ ಎಳೆಯುತ್ತದೆ, ಜೊತೆಗೆ ಒಟ್ಟಾರೆ ಪ್ರತಿಕ್ರಿಯೆಯನ್ನೇ ತಗ್ಗಿಸಿಡುತ್ತದೆ. ಕೊನೆಗೆ ಸಣ್ಣಕರುಳನ್ನು ಸಲೈನಿನಲ್ಲಿ ಸೀಳಿದರೆ, ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿದ ಕೆಂಪು ಹುಳಗಳು ಗೋಡೆಗೆ ಅಂಟಿಕೊಂಡಿರುತ್ತವೆ.

ತಿರುಗಾಮುರುಗಾ ಕೂಡ ಆಗುತ್ತದೆ. ನಿಪ್ಪೋಸ್ಟ್ರಾಂಗೈಲಸ್ ಎಂಬ ಇನ್ನೊಂದು ಕರುಳಿನ ಹುಳವನ್ನು ಕರುಳು ಒಂದೆರಡು ವಾರದಲ್ಲಿ ಹೊರಹಾಕುತ್ತದೆ. ಮಲೇರಿಯಾ ಜೊತೆಗಿದ್ದರೆ ಅದು ತಡವಾಗುತ್ತದೆ. ಇಲಿಯ ತಳಿಯೂ ಲೆಕ್ಕಕ್ಕೆ ಬರುತ್ತದೆ. ಸಿ57ಬಿಎಲ್/6 ಇಲಿಯಲ್ಲಿ ಹೆಲಿಗ್ಮೊಸೊಮೊಯ್ಡಿಸ್ ತಿಂಗಳುಗಟ್ಟಲೆ ಇರುತ್ತದೆ, ಎಸ್‌ಜೆಎಲ್ ತಳಿ ಅದನ್ನು ಬೇಗ ತಳ್ಳಿಹಾಕುತ್ತದೆ. ತಳಿ ಯಾವುದು, ಯಾವ ಸೋಂಕು ಮೊದಲು ಅಂತ ಬರೆಯದ ವರದಿಯನ್ನು ನಾನಂತೂ ಪಕ್ಕಕ್ಕಿಡುತ್ತೇನೆ.