ಒಬ್ಬರೇ ಕೃಷಿಕರು ಸಿಕ್ಕಿದರೆ ಮೂರು ಖಾಲಿ ಸಾಲು

ಬದಿಯಡ್ಕದ ಒಂದು ಅಡಿಕೆ ಅಂಗಡಿಗೆ ಪಿಎಚ್‌ಪಿ ಪ್ರೋಗ್ರಾಮಿಂಗ್ ಭಾಷೆಯ 8ನೇ ಆವೃತ್ತಿಯಲ್ಲಿ ಬಿಲ್ ಪ್ರೋಗ್ರಾಂ ಬರೆದಿದ್ದೆ. ಹೆಸರು ಹುಡುಕಿ ನಾಲ್ಕೈದು ಕೃಷಿಕರು ಸಿಕ್ಕಿದರೆ ಪಟ್ಟಿ ಸರಿ. ಒಬ್ಬರೇ ಸಿಕ್ಕಿದರೆ ಮೂರು ಖಾಲಿ ಸಾಲು. ಯಾರೂ ಇಲ್ಲದಿದ್ದರೆ ಫಾರ್‌ಈಚ್ (ಪಟ್ಟಿಯ ಒಂದೊಂದನ್ನೂ ಸರದಿಯಲ್ಲಿ ತೆಗೆದುಕೊಳ್ಳುವ ಲೂಪ್) ವಾರ್ನಿಂಗ್.

ವಾರ್ನಿಂಗ್ ಪರದೆಗೆ ಬಾರದಂತೆ ಮಾಡಿದೆ. ಖಾಲಿ ಸಾಲು ಹಾಗೇ ಉಳಿಯಿತು. ಹುಡುಕುವ ಮೆಥಡ್ (ಆ ಕೆಲಸ ಮಾಡುವ ಕೋಡ್ ತುಣುಕು) ಕರೆಯುವ ಕಡೆಯಲ್ಲೆಲ್ಲ ಇಫ್ ಷರತ್ತು ಹಾಕಿದೆ, ಒಂದು ಕಡೆ ಮರೆತೆ. ಸಿಕ್ಕಿದ್ದನ್ನು ಅರೇಗೆ (ಪಟ್ಟಿಗೆ) ಕಾಸ್ಟ್ ಮಾಡಿದ್ದು, ಅಂದರೆ ಬಲವಂತವಾಗಿ ಬದಲಿಸಿದ್ದು, ಇನ್ನೂ ಫಜೀತಿ: ಯಾರೂ ಇಲ್ಲ ಎನ್ನುವ ಫಾಲ್ಸ್ ಹೋಗಿ, ಒಳಗೆ ಫಾಲ್ಸ್ ಇರುವ ಅರೇ ಆಯಿತು!

ತಪ್ಪು ನನ್ನ ಮೆಥಡ್‌ನಲ್ಲೇ ಇತ್ತು. ಹಲವರಿದ್ದರೆ ಅರೇ, ಒಬ್ಬರಿದ್ದರೆ ಬರೀ ಆಬ್ಜೆಕ್ಟ್ (ಆ ಒಬ್ಬರ ವಿವರಗಳ ಕಟ್ಟು), ಇಲ್ಲದಿದ್ದರೆ ಫಾಲ್ಸ್. ಆಬ್ಜೆಕ್ಟ್ ಕೊಟ್ಟರೆ ಫಾರ್‌ಈಚ್ ತಕರಾರಿಲ್ಲದೆ ಅದರ ಪಬ್ಲಿಕ್ ಪ್ರಾಪರ್ಟಿಗಳ ಮೇಲೆ ಓಡುತ್ತದೆ. ಹೆಸರು, ಊರು, ಫೋನ್. ಮೂರು ಸಾಲು ಬಂದದ್ದು ಹೀಗೆ.

ಸರಿಪಡಿಸುವಾಗ ಮೊದಲು ಪೇರೆಂಟ್ ಕ್ಲಾಸಿನ (ಚೈಲ್ಡ್ ಕ್ಲಾಸ್‌ಗಳು ಆಧರಿಸುವ ಮೂಲ ಕ್ಲಾಸ್) ಮೆಥಡ್‌ಗೆ ': ಅರೇ' ಎಂಬ ರಿಟರ್ನ್ ಟೈಪ್ (ಏನನ್ನು ಹಿಂದಿರುಗಿಸಬೇಕು ಎಂಬ ಕಟ್ಟುಪಾಡು) ಹಾಕಿದೆ. ಈ ಕ್ರಮ ಮುಖ್ಯ. ಅದೇ ಮೆಥಡನ್ನು ಟೈಪ್ ಇಲ್ಲದೆ ಬರೆದ ಚೈಲ್ಡ್ ಕ್ಲಾಸ್ ಲೋಡ್ ಆದ ಕೂಡಲೇ ಪ್ರೋಗ್ರಾಂ ನಿಲ್ಲಿಸುವ ಫೇಟಲ್ ಎರರ್ ಬರುತ್ತದೆ, ಹುಡುಕುವ ಕೆಲಸ ಉಳಿಯಿತು ಅಲ್ವಾ. ಆಮೇಲೆ ಎಲ್ಲ ಚೈಲ್ಡ್‌ಗಳಲ್ಲೂ ಅದೇ ಟೈಪ್ ಹಾಕಿದೆ. ಯಾರೂ ಇಲ್ಲದಿದ್ದರೆ ಖಾಲಿ ಅರೇ [], ಒಬ್ಬರಿದ್ದರೆ ಆ ಆಬ್ಜೆಕ್ಟನ್ನೇ [] ಒಳಗೆ ಇಟ್ಟು ರಿಟರ್ನ್ ಮಾಡಿದೆ. ನಂಬರ್ ಕೊಟ್ಟು ಒಬ್ಬರನ್ನೇ ತರಲು ಬೇರೆ ಮೆಥಡ್. ಅದರ ಟೈಪ್ '?ಕೃಷಿಕ'. ಸಿಕ್ಕಿದರೆ ಆಬ್ಜೆಕ್ಟ್, ಇಲ್ಲದಿದ್ದರೆ ನಲ್ (ಏನೂ ಇಲ್ಲ). ಈ ಪ್ರಶ್ನೆ ಗುರುತು ಪಿಎಚ್‌ಪಿ 7.1ರಿಂದ ಇದೆ. ಚೈಲ್ಡ್‌ನಲ್ಲಿ ಅದನ್ನು ಬರೀ 'ಕೃಷಿಕ' ಮಾಡಬಹುದು, ಆದರೆ ಪೇರೆಂಟಿನ ಅರೇಯನ್ನು 'ಅರೇ ಅಥವಾ ಫಾಲ್ಸ್' ಎಂದು ಹಿಗ್ಗಿಸಲು ಪಿಎಚ್‌ಪಿ ಬಿಡುವುದಿಲ್ಲ.