168 ಗುಂಡಿ, 30 ಆರ್ಡರ್: ಪ್ಲಾಟ್‌ಫಾರ್ಮ್ ಆರಿಸಿದ ನನ್ನ ಅನುಭವ

ನಾನು ಆನ್‌ಲೈನ್‌ನಲ್ಲಿ ಮಾರುವುದು ಬಟ್ಟೆಯ ಗುಂಡಿ. ಒಂದು ಡಿಸೈನ್ ಅಂದರೆ 14 ಬಣ್ಣ, 6 ಸೈಜು, ಎರಡು ತೂತು ಇಲ್ಲವೇ ನಾಲ್ಕು ತೂತು. ಗುಣಿಸಿ ನೋಡಿ, 168.

ಮೊದಲು ಒಂದು ಬಾಡಿಗೆ ಪ್ಲಾಟ್‌ಫಾರ್ಮ್‌ನಲ್ಲಿದ್ದೆ, ಅಂದರೆ ಬಾಡಿಗೆ ಕೊಟ್ಟರೆ ಆನ್‌ಲೈನ್ ಅಂಗಡಿಯ ಸರ್ವರನ್ನು ಅವರೇ ನೋಡಿಕೊಳ್ಳುವ ಕಡೆ. ಥೀಮ್ ನೋಡಿ ಮರುಳಾಗಿದ್ದೆ. ತಿಂಗಳ ಬಾಡಿಗೆ ಕಮ್ಮಿಯೇ. ಆದರೆ ಸಗಟು ದರಕ್ಕೊಂದು ಆಪ್, ತೂಕದ ಮೇಲೆ ಶಿಪ್ಪಿಂಗ್‌ಗೊಂದು, ರಿಟರ್ನ್‌ಗೆ ಮತ್ತೊಂದು. ವರ್ಷದ ಕೊನೆಗೆ ಕೂತು ಲೆಕ್ಕ ಹಾಕಿದರೆ ಆಪ್‌ಗಳ ಬಾಡಿಗೆಯೇ ಹೆಚ್ಚುಕಮ್ಮಿ ಮೂರು ಪಟ್ಟು! ಬಿಡ್ತೀನಿ ಅಂದಾಗ ಗೆಳೆಯರು ನಕ್ಕರು. ‘ಸರ್ವರ್ ನೋಡಿಕೊಳ್ಳೋದು ನಿನ್ನ ಕೈಲಾಗಲ್ಲ, ಸುಮ್ನೆ ಅಲ್ಲೇ ಇರು.’

ಈ ಸಲ ಫೀಚರ್ ಪಟ್ಟಿ ಮುಟ್ಟಲಿಲ್ಲ. ಹಳೆಯ ಆರ್ಡರ್‌ಗಳಲ್ಲಿ ಅತಿ ಹೆಚ್ಚು ತಲೆನೋವು ಕೊಟ್ಟ 30 ಆರಿಸಿದೆ. ಅರ್ಧ ಮಾತ್ರ ಕ್ಯಾನ್ಸಲ್ ಆದಂಥವು, ಎರಡು ವಿಳಾಸಕ್ಕೆ ಹೋದವು, ದುಡ್ಡು ಕಟ್ಟಿದ ಮೇಲೆ ಬಣ್ಣ ಬದಲಾದವು. ಬಾಡಿಗೆಯ ಶಾಪಿಫೈ, ನಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳುವ ವೂಕಾಮರ್ಸ್, ಓಪನ್‌ಕಾರ್ಟ್ ಮೂರರಲ್ಲೂ ಟ್ರಯಲ್ ಅಂಗಡಿ ತೆರೆದು ಅವೇ 30ನ್ನು ರೀಫಂಡ್‌ವರೆಗೂ ಓಡಿಸಿದೆ. ಸುಮಾರು ಮೂರು ವಾರ ಹಿಡಿಯಿತು. ಶಾಪಿಫೈನಲ್ಲಿ ಆಗ ಒಂದು ಪ್ರಾಡಕ್ಟ್‌ಗೆ 100 ವೇರಿಯೆಂಟ್ (ಬಣ್ಣ, ಸೈಜು, ತೂತಿನ ಒಂದೊಂದು ಜೋಡಿ) ಮಿತಿ, ನನ್ನ 168 ಒಳಗೇ ಹೋಗಲಿಲ್ಲ. (2025ರಲ್ಲಿ ಅದು 2,048 ಆಗಿದೆ, ಹೊಸಬರು ಇದಕ್ಕೆ ಹೆದರಬೇಡಿ.) ಓಪನ್‌ಕಾರ್ಟ್ ಹಗುರ. ಆದರೆ ನಾನು ನೋಡಿದ ವರ್ಷನ್‌ನಲ್ಲಿ ‘ನೀಲಿ, ದೊಡ್ಡದು’ ಅನ್ನೋ ಜೋಡಿಗೆ ಬೇರೆ ಸ್ಟಾಕ್ ಇಡೋಕೆ ಎಕ್ಸ್‌ಟೆನ್ಷನ್ (ಮೇಲಿಂದ ಸೇರಿಸುವ ಸಾಫ್ಟ್‌ವೇರ್) ಬೇಕಿತ್ತು. ವೂಕಾಮರ್ಸ್ 26 ದಾಟಿಸಿತು, ಅದನ್ನೇ ಆರಿಸಿದೆ. ಉಳಿದ ನಾಲ್ಕು ಎರಡು ವಿಳಾಸದವು, ಅಂಥವನ್ನು ಇವತ್ತಿಗೂ ಕೈಯಲ್ಲೇ ಮಾಡ್ತೀನಿ.

ಗೆದ್ದೆ ಅಂದುಕೊಂಡು ವಾರ ಆಗಿರಲಿಲ್ಲ, ಒಬ್ಬರು ಫೋನ್ ಮಾಡಿದರು. ‘ನಾನು ಹಾಕಿದ್ದು ಬಿಳಿ ಗುಂಡಿ. ಕಾರ್ಟ್‌ನಲ್ಲಿ 400 ಕೆಂಪು ಇದೆಯಲ್ರೀ?’ ಸ್ಪೀಡ್ ಬರಲಿ ಅಂತ ನಾನೇ ಕಾರ್ಟ್ ಪೇಜನ್ನೂ ಕ್ಯಾಶ್‌ಗೆ (ಒಮ್ಮೆ ತಯಾರಾದ ಪೇಜನ್ನೇ ಉಳಿದವರಿಗೂ ತೋರಿಸುವ ವ್ಯವಸ್ಥೆ) ಸೇರಿಸಿದ್ದೆ. ಯಾರದ್ದೋ ಕಾರ್ಟ್ ಇನ್ಯಾರಿಗೋ ಕಾಣುತ್ತಿತ್ತು. ಕಾರ್ಟ್, ಚೆಕ್‌ಔಟ್, ಮೈ ಅಕೌಂಟ್ ಮೂರನ್ನೂ ಹೊರಗಿಟ್ಟ ಮೇಲೆ ಸರಿಹೋಯಿತು. ಅಷ್ಟರಲ್ಲಿ ಎರಡು ದಿನದ ವ್ಯಾಪಾರ ಕೈತಪ್ಪಿತ್ತು.

ಇನ್ನೊಂದಕ್ಕೆ ಇಡೀ ರಾತ್ರಿ ಕೂತೆ. ವೇರಿಯೇಷನ್ (ವೇರಿಯೆಂಟ್‌ಗೆ ಇಲ್ಲಿನ ಹೆಸರು) 30 ದಾಟಿದರೆ ವೂಕಾಮರ್ಸ್ ಅವನ್ನೆಲ್ಲ ಪೇಜಿನ ಜೊತೆ ಕಳಿಸೋದಿಲ್ಲ, ಗಿರಾಕಿ ಆರಿಸಿದ ಮೇಲೆ ಅಜಾಕ್ಸ್‌ನಲ್ಲಿ, ಅಂದರೆ ಪೇಜು ಮತ್ತೆ ತೆರೆಯದೆ ಹಿಂದಿನಿಂದಲೇ, ಸರ್ವರನ್ನು ಕೇಳುತ್ತದೆ. ಹಾಗಾಗಿ ನಾನು ಮಾರದ ಜೋಡಿಯನ್ನೂ ಆರಿಸೋಕೆ ಬಿಡ್ತಿತ್ತು, ಆಮೇಲೆ ಇಲ್ಲ ಅಂತಿತ್ತು. ಒಂದು ಸಾಲಿನ ಫಿಲ್ಟರ್ (ವೂಕಾಮರ್ಸ್‌ನ ಇಂಥ ಲೆಕ್ಕ ಬದಲಿಸುವ ಕೋಡ್) ಹಾಕಿ ಆ 30ರ ಮಿತಿಯನ್ನು 200 ಮಾಡಿದೆ. 168 ಸ್ಟಾಕನ್ನು ಹತ್ತು ನಿಮಿಷದಲ್ಲಿ ತುಂಬೋದು ಹೇಗೆ ಅನ್ನೋದನ್ನು ಮಾತ್ರ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.

ಮೊದಲು 100ರ ಮಾರಾಟದಲ್ಲಿ 9ರಷ್ಟು ಅಂಗಡಿ ನಡೆಸೋಕೇ ಹೋಗ್ತಿತ್ತು. ಈಗ ಹೋಸ್ಟಿಂಗ್, ಪ್ಲಗಿನ್ ರಿನ್ಯೂವಲ್ ಎಲ್ಲ ಸೇರಿ 4 ದಾಟೋದಿಲ್ಲ. ನಕ್ಕವರಲ್ಲಿ ಇಬ್ಬರು ಈಗ ತಮ್ಮ 30 ಆರ್ಡರ್ ಹಿಡಿದು ಬಂದಿದ್ದಾರೆ.

ಮಧ್ಯೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಗುಂಡಿಯನ್ನು ಬೆರಳ ತುದಿಯಲ್ಲಿಟ್ಟು ಫೋಟೋ ತೆಗೆದೆ. ‘ಸೈಜು ಚಿಕ್ಕದಾಯ್ತು’ ಅಂತ ವಾಪಸ್ ಬರೋದು ಅರ್ಧಕ್ಕಿಂತ ಜಾಸ್ತಿ ಇಳಿಯಿತು. ಆ ಫೋಟೋ ಯಾವ ಪ್ಲಾಟ್‌ಫಾರ್ಮ್‌ನಲ್ಲಾದರೂ ಹಾಕಬಹುದಿತ್ತು, ಅಲ್ವಾ?